ಬ್ರುನಿಲ್ದಾ ಕೇಳಲೇಬೇಕಾಗಿದ್ದ ಪ್ರಶ್ನೆ

ಬ್ರುನಿಲ್ದಾಳ ಬಾಯಿ ಮುಚ್ಚಿಸುವ ಶಕ್ತಿ ನಮ್ಮ ಸೌತ್ ಬ್ರಾಂಕ್ಸಿನಲ್ಲಿ ಯಾರಿಗೂ ಇರಲಿಲ್ಲ. ಇಬ್ಬರು ಗಂಡಂದಿರು ಪ್ರಯತ್ನಪಟ್ಟು ಕೈಚೆಲ್ಲಿದ್ದರು. ಒಬ್ಬ ಸತ್ತ, ಇನ್ನೊಬ್ಬ ಫ್ಲಾರಿಡಾಕ್ಕೆ ಹೋದ. "ಎರಡೂ ಒಂದೇ ಬಿಡೇ," ಎನ್ನುತ್ತಿದ್ದಳು. ಪಾಪನಿವೇದನೆಗೆ ಅವಳು ಬಂದರೆ ಪಾದ್ರಿಗಳು ಮೊದಲು ಗಡಿಯಾರ ನೋಡಿಕೊಳ್ಳುತ್ತಿದ್ದರು. ಕೊನೆಗೂ ಅವಳ ಬಾಯಿಗೆ ಬೀಗ ಹಾಕಿದ್ದು ಕಾನೂನು. ಅದೂ ದಿನವಿಡೀ ಅಲ್ಲ, ಒಂದು ಪ್ರಶ್ನೆ ಕೇಳುವಷ್ಟು ಹೊತ್ತು.

ಬ್ರೂಕ್ ಅವೆನ್ಯೂದ ನೆರೆಹೊರೆ ಕೇಂದ್ರದಲ್ಲಿ ಮುಂದಿನ ಮೇಜು ಅವಳದು, ಪಕ್ಕದ್ದು ನನ್ನದು. ಆಹಾರದ ನೆರವು, ಬಾಕಿ ಬಿದ್ದ ಬಾಡಿಗೆ, ಚಳಿಗಾಲದ ಹೀಟರ್ ಬಿಲ್ಲು, ಏನೇ ಇದ್ದರೂ ಜನ ಅವಳ ಮುಂದೆ ಕೂರಬೇಕು. ಕೂಸುಗಳ ಪಾಲನಾಕೇಂದ್ರದ ಅರ್ಜಿಗಳು ಮಾತ್ರ ನನಗೆ. ಅರ್ಜಿ ತುಂಬಿಸಲು ಬಂದವರಿಗೆ ಅವಳಿಂದ ಪುಕ್ಕಟೆ ಸಲಹೆಯೂ ಸಿಗುತ್ತಿತ್ತು, ಬೇಕಿರಲಿ ಬೇಡದಿರಲಿ. "ಈ ವಯಸ್ಸಲ್ಲಿ ಅಷ್ಟು ಉಪ್ಪು ತಿಂತೀರಾ? ಕಾಲು ನೋಡ್ಕೊಳ್ಳಿ, ಹೆಂಗೆ ಊದಿದೆ!" "ಆ ಹುಡುಗನ್ನ ಮದುವೆ ಆಗ್ತೀಯಾ? ಅವರಮ್ಮನ್ನ ನಾ ಚೆನ್ನಾಗಿ ಬಲ್ಲೆ. ಬೇಡ." ಜನ ಗೊಣಗುತ್ತಲೇ ಅವಳ ಸಾಲಿನಲ್ಲೇ ನಿಲ್ಲುತ್ತಿದ್ದರು. ನನ್ನ ಮುಂದಿನ ಕುರ್ಚಿ ಖಾಲಿ ಇದ್ದರೂ ಇತ್ತ ತಿರುಗಿಯೂ ನೋಡುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ನಗರದ ಹಣದಲ್ಲಿ ನಡೆಯುವ ನಮ್ಮಂಥ ಸಂಸ್ಥೆಗಳಿಗೆ ಒಂದು ಕಟ್ಟುಪಾಡಿದೆ. ಯಾರೇ ಹೊಸ ಅರ್ಜಿ ಹಾಕಲಿ, ಹಳೆಯದನ್ನು ಮುಂದುವರಿಸಲಿ, ವಿಳಾಸ ಬದಲಿಸಲಿ, ಅವರನ್ನು ಕೇಳಲೇಬೇಕು: "ಈಗಿರುವ ವಿಳಾಸದಲ್ಲಿ ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿ ಇಲ್ಲದಿದ್ದರೆ, ಇವತ್ತು ಇಲ್ಲಿಯೇ ಅರ್ಜಿ ಹಾಕಲು ಇಷ್ಟಪಡುತ್ತೀರಾ?" ಹೌದು ಎಂದರೆ ಕಾಗದ ಕೊಟ್ಟು, ತುಂಬಿಸಲು ನೆರವಾಗಬೇಕು. ಬೇಡ ಎಂದರೆ 'ಸರಿ' ಎಂದು ಸುಮ್ಮನಾಗಬೇಕು. ಪಕ್ಷದ ಸುದ್ದಿಯನ್ನಂತೂ ಎತ್ತುವಂತೆಯೇ ಇಲ್ಲ. ಇದರ ಮೇಲೆ ನಮ್ಮ ಮ್ಯಾನೇಜರ್ ಪ್ರೆಸ್ಕಾಡ್ ತಮ್ಮದೂ ಒಂದು ನಿಯಮ ಸೇರಿಸಿದ್ದರು: ಬೇಡ ಎಂದವರನ್ನು ಯಾಕೆ ಎಂದು ಕೇಳಕೂಡದು.

ಭಾನುವಾರ ಧ್ವನಿವರ್ಧಕ ಹಿಡಿದು ತನ್ನ ಪಕ್ಷಕ್ಕಾಗಿ ಬೀದಿ ಬೀದಿ ಕೂಗುವ ಬ್ರುನಿಲ್ದಾ, ಸೋಮವಾರ ಆ ಪ್ರಶ್ನೆ ಬಂದಾಗ ಸನ್ಯಾಸಿನಿಯಾಗಿಬಿಡುತ್ತಿದ್ದಳು. ಬೆನ್ನು ನೆಟ್ಟಗೆ, ಕೈ ಜೋಡಿಸಿ ಮೇಜಿನ ಮೇಲೆ, ದನಿಯಲ್ಲಿ ಏರಿಲ್ಲ ಇಳಿವಿಲ್ಲ. "ಅಕ್ಕಾ, ಯಾರಿಗೆ ಹಾಕ್ಲಿ?" ಎಂದು ಯಾರಾದರೂ ಕೇಳಿದರೆ ಮುಗಿಯಿತು. ಒಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡು ಅದು ಕರಗುವ ತನಕ ಛಾವಣಿ ನೋಡುತ್ತಾ ಕೂರುತ್ತಿದ್ದಳು. ಆದರೂ ಒಮ್ಮೆ ದೂರು ಬಂತು. ಬ್ರುನಿಲ್ದಾ ಮಾತಾಡಲಿಲ್ಲ, ನಿಜ, ಆದರೆ ಒಂದು ಪಕ್ಷದ ಹೆಸರು ಬಂದಾಗ ಹುಬ್ಬು ಏರಿಸಿದಳು ಎಂದು ಯಾರೋ ಬರೆದಿದ್ದರು. ಹುಬ್ಬಿನಿಂದ ಪ್ರಚಾರ ಮಾಡಿದ ಆರೋಪ!

ಪ್ರೆಸ್ಕಾಡ್ ಬಾರ್ಬಡೋಸಿನವರು. ಒಳ್ಳೆಯ ಮನುಷ್ಯ, ಆದರೆ ಗಾಳಿಗೆ ಬಾಗಿಲು ಬಡಿದರೂ ಎದೆ ಹಿಡಿದುಕೊಳ್ಳುವ ಜಾತಿ. ಬ್ರುನಿಲ್ದಾಳನ್ನು ಒಳಗೆ ಕರೆದು, "ಇದೇ ಕೊನೇ ಸಲ. ಇನ್ನೊಂದು ದೂರು ಬಂದ್ರೆ ನಿಮ್ಮನ್ನ ಕೆಳಗಡೆ ಬಟ್ಟೆ ಗೋದಾಮಿಗೆ ಹಾಕ್ತೀನಿ," ಎಂದರು. ಜನ ದಾನ ಕೊಟ್ಟ ಹಳೆಯ ಕೋಟುಗಳನ್ನು ಮಡಚಿಡುವ ನೆಲಮಾಳಿಗೆ ಅದು. ಅಲ್ಲಿ ಮಾತಾಡಲು ಕೋಟುಗಳು ಬಿಟ್ಟರೆ ಯಾರೂ ಇಲ್ಲ. ಬ್ರುನಿಲ್ದಾ ಹೊರಗೆ ಬಂದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಇವೆಟ್, ಅಲ್ಲಿಗೆ ಹಾಕಿದ್ರೆ ನಾ ಸತ್ತೇಹೋಗ್ತೀನಿ ಕಣೇ," ಎಂದಳು. ತಮಾಷೆಗಲ್ಲ, ನನಗೂ ಹಾಗೇ ಅನ್ನಿಸಿತು.

ಆಮೇಲೆ ಸೆಪ್ಟೆಂಬರಿನಲ್ಲಿ ಪ್ರೆಸ್ಕಾಡ್ ಯಾವುದೋ ತರಬೇತಿಗೆ ಹೋಗಿಬಂದರು. ಬಂದವರೇ ಆಫೀಸಿನಲ್ಲಿ ಕೆಂಪು, ನೀಲಿ ಎರಡೂ ಬಣ್ಣ ನಿಷೇಧಿಸಿದರು, ಯಾಕೆಂದರೆ ಒಂದು ಈ ಪಕ್ಷದ್ದು, ಒಂದು ಆ ಪಕ್ಷದ್ದು. ನೀರಿನ ನೀಲಿ ಕ್ಯಾನು ಒಳಕೋಣೆಗೆ ಹೋಯಿತು. ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಬೂದು ಬಟ್ಟೆ ಹೊದಿಸಲು ಹೊರಟಾಗ ನಾನೇ ತಡೆದೆ. ನಾವೆಲ್ಲ ಹಳದಿ, ಕಂದು, ಮಾಸಲು ಹಸಿರಿನಲ್ಲಿ ಬಂದು ಕೂತೆವು. ಬ್ರುನಿಲ್ದಾಳ ಕೆಂಪು ಲಿಪ್‌ಸ್ಟಿಕ್ಕಿಗೂ ಕತ್ತರಿ ಬಿತ್ತು. ಹದಿನಾರನೆಯ ವಯಸ್ಸಿನಿಂದ ಅವಳು ಹಚ್ಚಿಕೊಂಡು ಬಂದದ್ದು ಅದು. ಇಬ್ಬರು ಗಂಡಂದಿರು ಬದಲಾದರೂ ಅದು ಬದಲಾಗಿರಲಿಲ್ಲ. ಈಗ ತುಟಿಗೆ ಕಂದು ಬಂತು.

ತರಬೇತಿಯಿಂದ ಪ್ರೆಸ್ಕಾಡ್ ಇನ್ನೊಂದು ಸುದ್ದಿಯನ್ನೂ ಹೊತ್ತು ತಂದಿದ್ದರು. ನಗರದವರು ವೇಷ ಮರೆಸಿಕೊಂಡು, ನೆರವು ಕೇಳುವವರ ಹಾಗೆ ಬಂದು, ನಾವು ಪ್ರಶ್ನೆ ಸರಿಯಾಗಿ ಕೇಳುತ್ತೇವೋ ಇಲ್ಲವೋ ಎಂದು ಪರೀಕ್ಷಿಸುತ್ತಾರಂತೆ. ಅಷ್ಟು ಸಾಕಾಯಿತು. ಅಂದಿನಿಂದ ಬಾಗಿಲಲ್ಲಿ ಕಂಡ ಹೊಸ ಮುಖವೆಲ್ಲ ಗೂಢಚಾರನದೇ. ಪಿಜ್ಜಾ ತಂದವನಿಗೂ ಪ್ರಶ್ನೆ ಕೇಳಿದೆವು. ಇಲಿ ಹಿಡಿಯಲು ಬಂದವನಿಗೂ ಕೇಳಿದೆವು, ಅವನು ನಿಜಕ್ಕೂ ಹೆಸರು ಬರೆಸಿ ಹೋದ. ಇಷ್ಟೆಲ್ಲ ಹುಡುಕಾಡಿ ಕೊನೆಗೆ ಪ್ರೆಸ್ಕಾಡ್ ಬೆರಳು ತೋರಿಸಿದ್ದು ಎವರಿಸ್ತೊ ಕೀಲೆಸ್ ಕಡೆಗೆ.

ಎವರಿಸ್ತೊ ಬಣ್ಣ ಬಳಿಯುವವರು. ಅರವತ್ತು ದಾಟಿದ, ತೆಳ್ಳಗಿನ, ಮೆಲುದನಿಯ ಮನುಷ್ಯ. ಬಾಡಿಗೆಮನೆ ಖಾಲಿಯಾದಾಗ ಕಟ್ಟಡದ ಮಾಲೀಕರು ಅವರನ್ನು ಕರೆಸುತ್ತಿದ್ದರು. ಅವರು ಅದೇ ಖಾಲಿ ಮನೆಯಲ್ಲಿ ಮಲಗಿ, ಗೋಡೆ ಕೆರೆದು, ಬಣ್ಣ ಹೊಡೆದು, ಮುಗಿದ ಮೇಲೆ ಮುಂದಿನ ಮನೆಗೆ ಹೋಗುತ್ತಿದ್ದರು. ಹೀಗಾಗಿ ಆಹಾರದ ನೆರವಿನ ಕಾಗದಪತ್ರಕ್ಕಾಗಿ ಮತ್ತೆ ಮತ್ತೆ ವಿಳಾಸ ಬದಲಿಸಲು ಬರುತ್ತಿದ್ದರು. ಬಂದಾಗಲೆಲ್ಲ ಬ್ರುನಿಲ್ದಾ ಕೇಳಲೇಬೇಕು, ಅವರು ಬೇಡ ಎನ್ನಲೇಬೇಕು. ಆದರೆ ಬೇಡ ಎನ್ನುವುದರಲ್ಲೂ ಒಂದು ಸೊಗಸಿತ್ತು. "ಕೇಳಿದ್ದಕ್ಕೆ ಬಹಳ ಸಂತೋಷ, ಬ್ರುನಿಲ್ದಾ ಅವರೇ. ಬೇಡ." ಇನ್ನೊಮ್ಮೆ, "ಇವತ್ತು ಎಷ್ಟು ಚೆನ್ನಾಗಿ ಕೇಳಿದ್ರಿ! ಆದ್ರೂ ಬೇಡ."

"ಇಷ್ಟು ಸಲ ವಿಳಾಸ ಬದಲಿಸೋರು ಯಾರಿದಾರೆ ಹೇಳಿ?" ಎಂದು ಪ್ರೆಸ್ಕಾಡ್ ಪಿಸುಗುಟ್ಟಿದರು. "ಪ್ರತಿ ಸಲ ಪ್ರಶ್ನೆ ಬರಬೇಕು ಅಂತಾನೇ ಅಲ್ವಾ?"

"ಉಗುರಲ್ಲಿ ಬಣ್ಣ ಇದೆಯಲ್ಲ ಸಾರ್," ಎಂದೆ ನಾನು.

"ಅದೇ ಮತ್ತೆ! ವೇಷ ಅಂದ್ರೆ ಹಾಗೇ ಇರಬೇಕು."

ಇಂಥ ತಲೆಗೆ ಏನು ಹೇಳುವುದು? ಎವರಿಸ್ತೊ ಇನ್ನೊಮ್ಮೆ ಬಂದರೆ ಸಾಕು, ಕಂಬದ ಹಿಂದೆ ನಿಂತು ಬ್ರುನಿಲ್ದಾಳ ಹುಬ್ಬು ಕಾಯುವುದೆಂದು ಪ್ರೆಸ್ಕಾಡ್ ನಿಶ್ಚಯಿಸಿದರು.

ಬ್ರುನಿಲ್ದಾ ಕಂದು ಲಿಪ್‌ಸ್ಟಿಕ್ಕಿಗೆ ಇಳಿದ ಮೇಲೆ ಎವರಿಸ್ತೊ ಮೊದಲ ಸಲ ಬಂದದ್ದು ಅಕ್ಟೋಬರಿನ ಕೊನೆಯಲ್ಲಿ. ಕುರ್ಚಿಯಲ್ಲಿ ಕೂತು ಅವಳ ಮುಖ ನೋಡಿ, ಟೋಪಿ ತೆಗೆದರು.

"ಯಾರಾದ್ರೂ ತೀರಿಕೊಂಡ್ರಾ?"

"ಇಲ್ವಲ್ಲ."

"ಮತ್ತೆ ತುಟಿ ಯಾಕೆ ಹೀಗೆ?"

"ಚುನಾವಣೆ," ಎಂದಳು ಬ್ರುನಿಲ್ದಾ.

"ಛೆ. ಇಷ್ಟೊಂದು ನಷ್ಟ ಆಗತ್ತೆ ಅಂತ ಗೊತ್ತಿರ್ಲಿಲ್ಲ."

ಬ್ರುನಿಲ್ದಾ ನಾಚಿಕೊಂಡಳು. ಹೌದು, ನಮ್ಮ ಬ್ರುನಿಲ್ದಾ! ಐವತ್ತೆಂಟರ ಅವಳ ಕಿವಿಯವರೆಗೂ ಕೆಂಪೇರಿತು, ನಿಷೇಧಿತ ಬಣ್ಣ. ಕಂಬದ ಹಿಂದೆ ಪ್ರೆಸ್ಕಾಡ್ ಕೆಮ್ಮಿದರು. ಅವಳು ಬೆನ್ನು ನೆಟ್ಟಗೆ ಮಾಡಿ ಪ್ರಶ್ನೆ ಕೇಳಿದಳು. ಎವರಿಸ್ತೊ ಖಾಲಿ ಕಾಗದವನ್ನು ಕೈಗೆತ್ತಿಕೊಂಡು, ಮಡಚಿದ್ದ ಮೂಲೆಯೊಂದನ್ನು ಬೆರಳಿನಿಂದ ತೀಡಿ ಸರಿಮಾಡಿ, ವಾಪಸು ಕೊಟ್ಟರು. "ಬೇಡ ತಾಯಿ. ನಮ್ಮಂಥೋರ ಹೆಸರನ್ನ ಸರ್ಕಾರ ಯಾವತ್ತೋ ಹೊಡೆದುಹಾಕಿದೆ. ನೀವು ಮಾತ್ರ ಕೇಳ್ತಾ ಇರಿ, ಕೇಳೋಕೆ ಚೆನ್ನಾಗಿರತ್ತೆ." ಈ ಸಲ ನಗಲು ಹೋದರು, ನಗು ಅರ್ಧಕ್ಕೇ ನಿಂತಿತು.

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅಲ್ಕಪುರ್ರಿಯಾ ತಿನ್ನುವಾಗ ಬ್ರುನಿಲ್ದಾ ಬಾಯಿ ಬಿಟ್ಟಳು. ಬಿಸಿ ಎಣ್ಣೆ ಸೋರುತ್ತಿದ್ದ ಆ ಕರಿದ ತಿಂಡಿ ಅವಳ ಪ್ರಾಣ, ಆದರೆ ಆವತ್ತು ಕೈಯಲ್ಲೇ ಆರುತ್ತಿತ್ತು.

"ಅವರು ಒಳಗಿದ್ದು ಬಂದಿದಾರೆ ಕಣೇ, ಇವೆಟ್."

"ಎಲ್ಲೊಳಗೆ?"

"ಜೈಲಲ್ಲಿ, ಇನ್ನೆಲ್ಲಿ! ನನ್ನ ತಮ್ಮನೂ ಹೀಗೇ ಅಂತಿದ್ದ. 'ನನ್ನ ಹೆಸರು ಹೊಡೆದುಹಾಕಿದಾರೆ ಅಕ್ಕಾ' ಅಂತ. ಒಂದ್ಸಲ ಒಳಗೆ ಹೋದ್ರೆ ಜನ್ಮಪೂರ್ತಿ ವೋಟು ಹೋಯ್ತು ಅಂದ್ಕೊಂಡಿದ್ದ. ಹೊರಗೆ ಬಂದೋರೆಲ್ಲ ಹಾಕ್ಬಹುದು ಅಂತ ನಂಗೂ ಆಗ ಗೊತ್ತಿರ್ಲಿಲ್ಲ. ಗೊತ್ತಾಗೋ ಹೊತ್ತಿಗೆ ಅವನೇ ಇರ್ಲಿಲ್ಲ."

"ಹೇಳ್ಬಿಡೇ ಅವರಿಗೆ."

"ಹೇಗೇ ಹೇಳ್ಲಿ? ಬೇಡ ಅಂದೋರ ಹತ್ರ ಬಾಯಿ ಬಿಟ್ರೆ ಕಂಬದ ಹಿಂದೆ ಪ್ರೆಸ್ಕಾಡ್ ಎದೆ ಹಿಡ್ಕೊಂಡು ಬೀಳ್ತಾರೆ, ನಾನು ಗೋದಾಮಿಗೆ ಬೀಳ್ತೀನಿ. ಅದೂ ಹಾಳಾಗ್ಲಿ. 'ರೀ, ನೀವು ಜೈಲಿಗೆ ಹೋಗಿದ್ರಾ' ಅಂತ ಎದುರಿಗೆ ಕೇಳೋದಾ? ಆ ಮನುಷ್ಯ ಮತ್ತೆ ಈ ಕಡೆ ತಲೆ ಹಾಕ್ತಾರಾ?"

ಅವಳ ಕಣ್ಣಲ್ಲಿ ನೀರು ಬಂದಿತ್ತು. ಎರಡು ಭಯ ಅವಳಿಗೆ, ಯಾವುದು ದೊಡ್ಡದು ಎಂದು ನನಗೆ ಕೇಳದೆಯೇ ಗೊತ್ತಾಯಿತು. ನವೆಂಬರಿನ ಚುನಾವಣೆಗೆ ಹೆಸರು ಸೇರಿಸಲು ಬರುವ ಶನಿವಾರವೇ ಗಡುವು, ನಮ್ಮಲ್ಲಿ ಶುಕ್ರವಾರವೇ ಕಡೆಯ ದಿನ. ಎವರಿಸ್ತೊ ಶುಕ್ರವಾರ ಹೊಸ ಮನೆಗೆ ಹೋಗುವವರಿದ್ದರು, ವಿಳಾಸ ಕೊಡಲು ಬರುತ್ತೇನೆಂದು ಹೇಳಿಹೋಗಿದ್ದರು.

ಅಲ್ಕಪುರ್ರಿಯಾ ಪೂರ್ತಿ ತಣ್ಣಗಾದ ಮೇಲೆ ಬ್ರುನಿಲ್ದಾ ದಿಢೀರನೆ ಎದ್ದು ನಿಂತಳು. "ನೆರವು ಕೇಳಿದೋರಿಗೆ ಕಾಗದದಲ್ಲಿರೋದನ್ನೆಲ್ಲ ಓದಿ ಹೇಳ್ಬೇಕು ಅಂತ ನಿಯಮ ಇದೆಯಲ್ವಾ?"

"ಇದೆ."

"ಎಷ್ಟು ಜೋರಾಗಿ ಓದ್ಬೇಕು ಅಂತ ಇದೆಯಾ?"

"ಇಲ್ಲ."

"ದೋನ್ಯಾ ಹಸಿಂತಾಗೆ ಫೋನ್ ಮಾಡು."

ದೋನ್ಯಾ ಹಸಿಂತಾ ಪಕ್ಕದ ಬೀದಿಯ ಮುದುಕಿ; ದೋನ್ಯಾ ಎಂದರೆ ನಮ್ಮಲ್ಲಿ 'ಅಮ್ಮನವರು' ಎಂದ ಹಾಗೆ. ಕಿವಿ ಮಂದ, ಬುದ್ಧಿ ಚೂರಿ. ಕಿವಿಯ ಯಂತ್ರ ಕಳಚಿ ಪರ್ಸಿನೊಳಗೆ ಹಾಕಿಕೊಂಡರೆ ಗುಡುಗು ಬಂದರೂ ಕೇಳಿಸದು. ಅವಳಿಗೆ ಮಾಡಬೇಕಾದದ್ದು ಇಷ್ಟೇ: ಶುಕ್ರವಾರ ಬಂದು, ಹೀಟರ್ ಬಿಲ್ಲಿಗೆ ಅರ್ಜಿ ಹಾಕಿ, ವೋಟಿನ ಪ್ರಶ್ನೆ ಬಂದಾಗ 'ಯಾರ್‍ಯಾರು ಹಾಕಬಹುದು, ಓದಿ ಹೇಳು' ಎನ್ನಬೇಕು. ಫೋನಿನಲ್ಲಿ ಇದನ್ನು ಅವಳಿಗೆ ತಿಳಿಸುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು.

ಶುಕ್ರವಾರ ಕೇಂದ್ರ ಗಿಜಿಗುಡುತ್ತಿತ್ತು. ಸಾಲು ಬಾಗಿಲಾಚೆಗೂ ಹೋಗಿತ್ತು. ಎವರಿಸ್ತೊ ಒಳಗೆ ಬಂದು ಸಾಲಿನ ಮಧ್ಯೆ ನಿಂತದ್ದೇ ತಡ, ಪ್ರೆಸ್ಕಾಡ್ ಕಂಬದ ಹಿಂದೆ ಸರಿದರು. ಬಾಗಿಲ ಹತ್ತಿರ ಕಾದಿದ್ದ ಮುದುಕಿಗೆ ಬ್ರುನಿಲ್ದಾ ಕಣ್ಣು ಹೊಡೆದಳು. ದೋನ್ಯಾ ಹಸಿಂತಾ ಇಸ್ತ್ರಿ ಮಾಡಿದ ಲಂಗ, ಮುತ್ತಿನ ಸರ, ಎಲ್ಲ ಹಾಕಿಕೊಂಡು ನಾಟಕಕ್ಕೆ ಬಂದವಳ ಹಾಗೆ ಕುರ್ಚಿಯಲ್ಲಿ ಕೂತಳು.

ಬ್ರುನಿಲ್ದಾ ಪ್ರಶ್ನೆ ಕೇಳಿದಳು.

"ಆಂ?" ಎಂದಳು ಮುದುಕಿ. "ಓದಿ ಹೇಳು ಮಗಳೇ. ಯಾರ್‍ಯಾರು ಹಾಕ್ಬಹುದಂತೆ?"

ಬ್ರುನಿಲ್ದಾ ಎದೆ ತುಂಬ ಉಸಿರೆಳೆದುಕೊಂಡು ಶುರುಮಾಡಿದಳು. ದೇಶದ ಪ್ರಜೆ ಆಗಿರಬೇಕು, ವಯಸ್ಸಾಗಿರಬೇಕು, ಇಲ್ಲಿ ವಾಸವಾಗಿರಬೇಕು. ಕಿಟಕಿಯ ಗಾಜು ನಡುಗಿತು. "ಜೈಲಿಂದ ಹೊರಗೆ ಬಂದಿದ್ರೆ ಹಾಕ್ಬಹುದು!"

"ಯಾರು, ಜೈಲರಾ?"

"ಜೈಲಲ್ಲಿ ಇದ್ದೋರು! ಹೊರಗೆ ಬಂದಿದ್ರೆ ಹಾಕ್ಬಹುದು!"

ಇಲ್ಲಿಗೆ ನಮ್ಮ ಏರ್ಪಾಡು ಮುಗಿಯಬೇಕಿತ್ತು. ಆದರೆ ಇಷ್ಟು ಜನ ತನ್ನತ್ತ ನೋಡುತ್ತಿರುವಾಗ ದೋನ್ಯಾ ಹಸಿಂತಾ ಏಳುವ ಪೈಕಿಯೇ?

"ಕಳ್ಳತನ ಮಾಡಿದ್ರೆ?"

"ಹಾಕ್ಬಹುದು!"

"ಪೆರೋಲ್ ಮೇಲೆ ಬಂದು ಈಗ್ಲೂ ಆಫೀಸರ್ ಮುಂದೆ ಹಾಜರಿ ಹಾಕೋನು?"

"ಅವನೂ ಹಾಕ್ಬಹುದು!"

"ನನ್ನ ತಂಗಿ ಮಗ ಬಸ್ ಕದ್ದಿದ್ನಲ್ಲ, ಅವನು?"

"ಬಸ್ಸಾ?" ಬ್ರುನಿಲ್ದಾಗೆ ಇದು ಹೊಸ ಸುದ್ದಿ. "ಇಡೀ ಬಸ್ಸಾ?"

"ಜನ ಇದ್ರು ಒಳಗೆ. ಎಲ್ಲಾರನ್ನೂ ಅವರವರ ಸ್ಟಾಪಲ್ಲೇ ಇಳಿಸಿದ, ಪಾಪ."

ಕೇಂದ್ರವೆಲ್ಲ ಘೊಳ್ಳೆಂದು ನಕ್ಕಿತು. "ಅಂಥೋನಿಗೆ ನಾವೇ ವೋಟು ಹಾಕ್ಬೇಕು!" ಎಂದು ಯಾರೋ ಕೂಗಿದರು. "ಹಾಕ್ಬಹುದು ದೋನ್ಯಾ!" ಬ್ರುನಿಲ್ದಾ ಕಣ್ಣೊರೆಸಿಕೊಳ್ಳುತ್ತಾ ಕಿರುಚಿದಳು. "ಬಸ್ ಕದ್ದೋನೂ ಹಾಕ್ಬಹುದು! ಶಿಕ್ಷೆ ಅನುಭವಿಸಿ ಬಂದ್ಮೇಲೆ ಯಾರ ಹೆಸರನ್ನೂ ಯಾರೂ ಹೊಡೆದುಹಾಕಿಲ್ಲ!"

ಗೋಡೆಗೆ ಒರಗಿದ್ದ ದಢೂತಿ ಮನುಷ್ಯನೊಬ್ಬ ನಗು ನಿಲ್ಲಿಸಿ ಮುಂದೆ ಬಂದ. "ನಿಜವಾಗ್ಲೂನಾ? ಹಾಗಾದ್ರೆ ನಂಗೂ ಒಂದು ಕೊಡಿ." ಅವನ ಹಿಂದೆ ಇನ್ನೊಬ್ಬ. ಕೂಸಿಗೆ ಹಾಲು ಕುಡಿಸುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತದೆ ಕೈ ಮಾತ್ರ ಚಾಚಿದಳು. ನಾನು ಕಾಗದ ಹಂಚಿದೆ, ನನ್ನ ಮೇಜಿನ ಮುಂದೆಯೂ ಸಾಲು ಹುಟ್ಟಿತು.

ಎವರಿಸ್ತೊ ನಗಲಿಲ್ಲ. ನಿಂತಲ್ಲೇ ನಿಂತಿದ್ದರು. ಹಿಂದಿನವರು ಮೆಲ್ಲಗೆ ತಳ್ಳಿದ ಮೇಲೆ ಮುಂದೆ ಬಂದು, ಮುದುಕಿ ಬಿಟ್ಟ ಕುರ್ಚಿಯಲ್ಲಿ ಕೂತು, ಹೊಸ ವಿಳಾಸ ಕೊಟ್ಟರು. ಬ್ರುನಿಲ್ದಾಳ ದನಿ ಒಡೆದುಹೋಗಿತ್ತು. ಆದರೂ ಕೈ ಜೋಡಿಸಿ, ಏರಿಲ್ಲದೆ ಇಳಿವಿಲ್ಲದೆ, ಒಂದು ಪದ ಹೆಚ್ಚಿಲ್ಲದೆ ಕೇಳಿದಳು. ಅವರು ಮೇಜಿನ ಮೇಲಿದ್ದ ಖಾಲಿ ಕಾಗದವನ್ನು ತಮ್ಮತ್ತ ಎಳೆದುಕೊಂಡು ಮೇಲಿಂದ ಕೆಳಗೆ ಓದಿದರು. ಅವಳು ಇನ್ನೊಂದು ಮಾತು ಆಡುವಂತಿರಲಿಲ್ಲ, ಆಡಲಿಲ್ಲ. 

"ಇನ್ನೊಂದ್ಸಲ ಕೇಳ್ತೀರಾ?" ಎಂದರು ಎವರಿಸ್ತೊ.

ಕೇಳಿದಳು.

"ಹೌದು," ಎಂದರು. ಆಮೇಲೆ ಯಾರೋ ಕೇಳಿಸಿಕೊಳ್ಳಲಿಲ್ಲವೇನೋ ಎಂಬಂತೆ ಗಟ್ಟಿಯಾಗಿ, "ಹೌದು, ಇಷ್ಟಪಡ್ತೀನಿ."

ಹೆಸರು ಬರೆದರು, ವಿಳಾಸ ಬರೆದರು. ಪಕ್ಷದ ಚೌಕಗಳ ಹತ್ತಿರ ಬಂದು ಪೆನ್ನು ನಿಲ್ಲಿಸಿ, "ಇದ್ರಲ್ಲಿ ಯಾವುದಕ್ಕೆ ಗುರುತು ಹಾಕ್ಲಿ, ಬ್ರುನಿಲ್ದಾ ಅವರೇ? ನೀವು ಹೇಳಿದ್ದಕ್ಕೆ ಹಾಕ್ತೀನಿ," ಎಂದರು.

ದೇವರು ಮನುಷ್ಯರನ್ನು ಹೀಗೆಲ್ಲ ಪರೀಕ್ಷಿಸಬಾರದು. ಭಾನುವಾರವೆಲ್ಲ ಬೀದಿಯಲ್ಲಿ ಕೂಗಿದರೂ ಒಂದು ವೋಟು ಬೀಳುವ ಖಾತ್ರಿ ಇಲ್ಲ, ಇಲ್ಲಿ ಒಂದನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದಾರೆ. ಅವಳು ಡಬ್ಬಿಗೆ ಕೈ ಹಾಕಿ, ಇದ್ದ ಪೆಪ್ಪರ್‌ಮಿಂಟುಗಳನ್ನೆಲ್ಲ ಬಾಯಿಗೆ ತುಂಬಿಕೊಂಡು, ಹುಬ್ಬುಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಛಾವಣಿ ನೋಡಿದಳು. ಎವರಿಸ್ತೊ ಸ್ವಲ್ಪ ಹೊತ್ತು ಕಾದು, ತಾವೇ ಯೋಚಿಸಿ ಒಂದು ಚೌಕಕ್ಕೆ ಗುರುತು ಹಾಕಿ, ಸಹಿ ಮಾಡಿದರು. ಯಾವ ಚೌಕವೋ ನಾನು ನೋಡಲಿಲ್ಲ. ನೋಡಲು ಬಗ್ಗಿದ್ದು ನಿಜ, ಅವರ ಕೈ ಅಡ್ಡವಿತ್ತು.

ಕಂಬದ ಹಿಂದಿನಿಂದ ಪ್ರೆಸ್ಕಾಡ್ ಹೊರಬಂದರು. ಕೋಟು ಸರಿಮಾಡಿಕೊಂಡು, ಬಹಳ ಗೌರವದಿಂದ, "ಸರ್, ಒಂದು ಮಾತು. ತಾವು ಎಲ್ಲಿಂದ ಬಂದಿರೋದು?" ಎಂದರು.

"ಪೊನ್ಸೆಯಿಂದ," ಎಂದರು ಎವರಿಸ್ತೊ. "ಪೋರ್ಟೊರಿಕೊ."

"ಅಲ್ಲ, ಯಾವ ಇಲಾಖೆಯಿಂದ?"

"ಬಣ್ಣ."

ಪ್ರೆಸ್ಕಾಡ್ ಅವರ ಉಗುರು ನೋಡಿದರು, ಮುಖ ನೋಡಿದರು. ಸಾಲಿನಲ್ಲಿ ನಿಂತು ಕಾಗದ ತುಂಬಿಸುತ್ತಿದ್ದವರನ್ನು ನೋಡಿದರು. "ಬ್ರುನಿಲ್ದಾ," ಎಂದರು ಕೊನೆಗೆ, "ಆ ಜೈಲಿನ ಸಾಲನ್ನ ಇನ್ಮೇಲೆ ಎಲ್ಲಾರಿಗೂ ಅಷ್ಟೇ ಜೋರಾಗಿ ಓದಿ." ಬ್ರುನಿಲ್ದಾ ತಲೆಯಾಡಿಸಿದಳು. ಬಾಯಿ ತುಂಬಿತ್ತಲ್ಲ.

ಚುನಾವಣೆಯ ದಿನ ಊಟದ ಬಿಡುವಿನಲ್ಲಿ ನಾವಿಬ್ಬರೂ ಶಾಲೆಯ ಎದುರುಗಡೆಯ ಫುಟ್‌ಪಾತಿನಲ್ಲಿ ಕಾಯುತ್ತಾ ನಿಂತೆವು. ಮತಗಟ್ಟೆ ಒಳಗೆ, ಮಕ್ಕಳು ಆಟವಾಡುವ ಹಜಾರದಲ್ಲಿ. ಎವರಿಸ್ತೊ ಬಿಳಿ ಶರ್ಟು ಹಾಕಿಕೊಂಡು, ಕೂದಲು ಒದ್ದೆಮಾಡಿ ಬಾಚಿಕೊಂಡು ಒಳಗೆ ಹೋಗಿದ್ದರು. ಅವರ ನಂತರ ಹೋದವರೆಲ್ಲ ಹೊರಗೆ ಬಂದರು, ಅವರು ಮಾತ್ರ ಬರಲಿಲ್ಲ. ಬ್ರುನಿಲ್ದಾಳ ಮುಖ ಸಣ್ಣದಾಗುತ್ತಾ ಬಂತು.

"ಪಟ್ಟೀಲಿ ಹೆಸರು ಇಲ್ಲ ಅಂದ್ಬಿಟ್ರೇನೋ ಕಣೇ. ನಾಚಿಕೆಯಾಗಿ ಹಿಂದಿನ ಬಾಗಿಲಿಂದ ಹೋಗ್ಬಿಟ್ರೇನೋ. ನಾನೇ ಆಸೆ ಹುಟ್ಟಿಸಿದ್ದು."

ಕೊನೆಗೂ ಬಂದರು. ಎದೆಯ ಮೇಲೆ ವೋಟು ಹಾಕಿದವರಿಗೆ ಕೊಡುವ ಚೀಟಿ ಅಂಟಿಸಿಕೊಂಡು, ರಸ್ತೆಯ ಆಚೆ ಈಚೆ ನೋಡದೆ, ಕಾರುಗಳು ಹಾರನ್ ಹೊಡೆಯುತ್ತಿದ್ದರೂ ನೇರ ನಮ್ಮತ್ತ ನಡೆದು ಬಂದರು.

"ಒಳಗೆ ಅಡುಗೆ ಮಾಡ್ತಿದ್ರಾ?" ಬ್ರುನಿಲ್ದಾ ಸಿಡುಕಿದಳು. "ಜೀವ ಬಾಯಿಗೆ ಬಂದಿತ್ತು ನಂಗೆ!"

"ಹಾಳೆಯ ಎರಡೂ ಕಡೆ ಇತ್ತು. ಸಣ್ಣ ಸಣ್ಣ ಗೋಲಗಳು. ಅಂಚಲ್ಲಿ ಬಿಳಿ ಉಳೀಬಾರ್ದಲ್ಲ, ನೀಟಾಗಿ ತುಂಬಿಸ್ದೆ."

"ಎಲ್ಲಾ ಗೋಲಾನೂ ತುಂಬಿಸ್ಬಿಟ್ರಾ?" ಎಂದೆ ನಾನು ಗಾಬರಿಯಾಗಿ.

"ಬೇಕಾದ್ದು ಮಾತ್ರ. ಅಷ್ಟು ಬುದ್ಧಿ ಇದೆ." ಆಮೇಲೆ ಅವರು ಬ್ರುನಿಲ್ದಾಳ ಕಡೆಗೆ ತಿರುಗಿದರು. "ಅದ್ರಲ್ಲಿ ಜಡ್ಜುಗಳೂ ಇದ್ರು. ಜಡ್ಜುಗಳನ್ನೂ ನಾವೇ ಆರಿಸೋದು ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಇರ್ತಾರೆ. ಆ ಸಾಲನ್ನ ಯಾರೂ ಓದೋದೇ ಇಲ್ಲ."

"ನಾನು ಓದ್ದೆ," ಎಂದರು ಎವರಿಸ್ತೊ. "ನನ್ನ ಜಡ್ಜು ಆವತ್ತು ತಲೆ ಎತ್ತಲಿಲ್ಲ ಬ್ರುನಿಲ್ದಾ. ಎದುರಿಗಿದ್ದ ಕಾಗದ ನೋಡ್ಕೊಂಡೇ ಒಂಬತ್ತು ವರ್ಷ ಅಂದ್ಬಿಟ್ರು, ಮುಂದಿನೋನ್ನ ಕರೀರಿ ಅಂದ್ರು. ನಾನು ಹಾಗೆ ಮಾಡೋಕಾಗತ್ತಾ? ಒಬ್ಬೊಬ್ರ ಹೆಸರೂ ನಿಧಾನಕ್ಕೆ ಓದ್ದೆ. ಇವರು ಹೇಗಿರ್ಬಹುದು ಅಂತ ಒಬ್ಬೊಬ್ರ ಬಗ್ಗೆನೂ ಕೂತು ಯೋಚನೆ ಮಾಡ್ದೆ. ಅದಕ್ಕೇ ತಡ ಆಯ್ತು."

ಬ್ರುನಿಲ್ದಾ ಅಲ್ಲೇ, ನಡುಮಧ್ಯಾಹ್ನದ ಬೀದಿಯಲ್ಲಿ, ಅವರ ಬಿಳಿ ಶರ್ಟಿನ ಮೇಲೆ ಮುಖವಿಟ್ಟು ಅತ್ತಳು.